ನಾರ್ವೆಯ ಪರ್ಯಾಯ ಸುದ್ದಿತಾಣಗಳು ಮತ್ತು ಪತ್ರಿಕಾ ನೀತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಿಕಾ ಸ್ವಾತಂತ್ರ್ಯದ ಜಾಗತಿಕ ಪಟ್ಟಿಯಲ್ಲಿ 2017ರಿಂದ 2025ರವರೆಗೆ ಸತತವಾಗಿ ಮೊದಲ ಸ್ಥಾನದಲ್ಲಿರುವ ನಾರ್ವೆಯಲ್ಲೂ "ದೊಡ್ಡ ಪತ್ರಿಕೆಗಳು ನಿಜ ಬರೆಯುವುದಿಲ್ಲ" ಎಂದು ಹೇಳಿಕೊಂಡೇ ಹುಟ್ಟಿದ ಸುದ್ದಿತಾಣಗಳಿವೆ. ಅವುಗಳಿಗೂ ಅಲ್ಲಿನ ಪತ್ರಿಕಾ ನೀತಿಗೂ ನಡುವೆ ನಡೆದಿರುವ ಜಗ್ಗಾಟದ ಬಗ್ಗೆ ಪತ್ರಿಕೋದ್ಯಮದ ವಿದ್ಯಾರ್ಥಿಗಳೂ ಕೆಲಸದ ನಿಮಿತ್ತ ನಾರ್ವೆಯಲ್ಲಿ ನೆಲೆಸಿರುವ ಕನ್ನಡಿಗರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪರ್ಯಾಯ ಸುದ್ದಿತಾಣ ಎಂದು ಯಾವುದನ್ನು ಕರೆಯಬೇಕು?

ಚಿಕ್ಕದಾಗಿರುವುದರಿಂದಾಗಲಿ, ಕಾಗದದ ಮೇಲೆ ಅಚ್ಚಾಗದೆ ಅಂತರ್ಜಾಲದಲ್ಲಷ್ಟೇ ಪ್ರಕಟವಾಗುವುದರಿಂದಾಗಲಿ ಯಾವ ತಾಣವೂ ಪರ್ಯಾಯವಾಗುವುದಿಲ್ಲ. 1996ರಲ್ಲಿ ಆರಂಭವಾದ ನೆತ್ತಾವಿಸೆನ್ ಮೊದಲ ದಿನದಿಂದಲೂ ಅಂತರ್ಜಾಲ ಪತ್ರಿಕೆಯೇ. ಆದರೂ ಅದನ್ನು ಯಾರೂ ಪರ್ಯಾಯ ಮಾಧ್ಯಮ ಎನ್ನುವುದಿಲ್ಲ. ಸ್ವೀಡನ್ನಿನ ಕ್ರಿಸ್ತೋಫರ್ ಹೋಲ್ತ್, ನಾರ್ವೆಯ ತೀನೆ ಉಸ್ತಾದ್ ಫಿಗೆನ್‌ಸ್ಖೋವ್ ಮತ್ತು ಜರ್ಮನಿಯ ಲೆನಾ ಫ್ರಿಶ್ಲಿಕ್ ಎಂಬ ಮೂವರು ಸಂಶೋಧಕರು 2019ರಲ್ಲಿ ಮುಂದಿಟ್ಟ ವಿವರಣೆ ಈಗ ಹೆಚ್ಚು ಬಳಕೆಯಲ್ಲಿದೆ. ಅವರ ಪ್ರಕಾರ, ಪ್ರಬಲ ಮಾಧ್ಯಮಗಳಿಂದ ಹೊರಡುವ ಸಾರ್ವಜನಿಕ ಮಾತಿನ ಒಟ್ಟು ಒಲವೇ ಸರಿಯಿಲ್ಲ, ಅದನ್ನು ತಿದ್ದಲು ನಾವಿದ್ದೇವೆ ಎಂದು ತನ್ನನ್ನು ತಾನು ಪರಿಚಯಿಸಿಕೊಳ್ಳುವ ಮಾಧ್ಯಮವೇ ಪರ್ಯಾಯ ಮಾಧ್ಯಮ. ಇಲ್ಲಿ ಮುಖ್ಯವಾಗುವುದು ತಾಣವು ತನ್ನನ್ನು ಎಲ್ಲಿ ನಿಲ್ಲಿಸಿಕೊಳ್ಳುತ್ತದೆ ಎಂಬುದು. ಅದು ಎಡಕ್ಕೂ ಇರಬಹುದು, ಬಲಕ್ಕೂ ಇರಬಹುದು.

ಈ ಗೆರೆ ಕಾಲಕ್ಕೆ ತಕ್ಕಂತೆ ಜರುಗುತ್ತದೆ ಎಂಬುದಕ್ಕೆ ಕ್ಲಾಸ್ಸೆಕಂಪೆನ್ ಪತ್ರಿಕೆಯೇ ಸಾಕ್ಷಿ. 1969ರಲ್ಲಿ ಮಾವೋವಾದಿ ಗುಂಪಿನ ಮುಖವಾಣಿಯಾಗಿ ಹುಟ್ಟಿ, 1977ರಲ್ಲಿ ದಿನಪತ್ರಿಕೆಯಾದ ಇದು ಇಂದು ಎಡಪಂಥೀಯರಲ್ಲದವರೂ ಗೌರವದಿಂದ ಓದುವ, ಸರ್ಕಾರದ ಪತ್ರಿಕಾ ಸಹಾಯಧನವನ್ನು ಗಣನೀಯವಾಗಿ ಪಡೆಯುವ ಪತ್ರಿಕೆಯಾಗಿದೆ. ಅದೇ ಚಳವಳಿಯ ಪಕ್ಷವನ್ನು 1975ರಿಂದ 1984ರವರೆಗೆ ಮುನ್ನಡೆಸಿದ ಪೋಲ್ ಸ್ಟೈಗಾನ್ ಈಗ ತಮ್ಮ ಹೆಸರಿನಲ್ಲೇ ಒಂದು ಪರ್ಯಾಯ ತಾಣ ನಡೆಸುತ್ತಿದ್ದಾರೆ. ಪಕ್ಷ ಹೆತ್ತ ಪತ್ರಿಕೆ ಒಳಗೆ ಬಂದಿತು, ಪಕ್ಷದ ಹಳೆಯ ನಾಯಕ ಹೊರಗೆ ಉಳಿದರು.

ಹೆಸರು ಕೇಳಿಬರುವ ತಾಣಗಳು ಯಾವುವು?

ಹಾನ್ಸ್ ರುಸ್ತಾದ್ 2003ರಲ್ಲಿ ಆರಂಭಿಸಿದ ಡಾಕ್ಯುಮೆಂಟ್ ಇವುಗಳಲ್ಲಿ ಹಳೆಯದು. ವಲಸೆ ಮತ್ತು ಇಸ್ಲಾಂ ಕುರಿತ ಕಟುವಿಮರ್ಶೆಯೇ ಅದರ ಗುರುತು, ಈಗ ಅದಕ್ಕೆ ತನ್ನದೇ ಪುಸ್ತಕ ಪ್ರಕಾಶನವೂ ಇದೆ. ಹೆಲ್ಗೆ ಲೂರೋಸ್ 2017ರಲ್ಲಿ ರೆಸೆಟ್ ಎಂಬ ತಾಣವನ್ನು ಕಟ್ಟಿದರು. ಅದು 2022ರಲ್ಲಿ ನಿಂತಿತು, ಅದೇ ವರ್ಷ ಅವರು ಇನ್ಯುಹೇತೆರ್ ಎಂಬ ಹೊಸ ತಾಣ ತೆರೆದರು. ಹ್ಯೂಮನ್ ರೈಟ್ಸ್ ಸರ್ವಿಸ್ ಎಂಬುದು ಮೂಲತಃ ಒಂದು ಸಂಸ್ಥೆಯಾದರೂ ಅದರ ಜಾಲತಾಣ ಸುದ್ದಿ ಮತ್ತು ಅಭಿಪ್ರಾಯಗಳೆರಡನ್ನೂ ಪ್ರಕಟಿಸುವುದರಿಂದ ಸಾಮಾನ್ಯವಾಗಿ ಇದೇ ಸಾಲಿನಲ್ಲಿ ಎಣಿಸಲ್ಪಡುತ್ತದೆ. ಎಡದಿಂದ ಬಂದು ಐರೋಪ್ಯ ಒಕ್ಕೂಟವನ್ನೂ ನ್ಯಾಟೋವನ್ನೂ ವಿರೋಧಿಸುವ ತಾಣವಾಗಿ ಸ್ಟೈಗಾನ್ ಇದೆ. ಇಷ್ಟು ಹೆಸರುಗಳನ್ನು ತಿಳಿದರೆ ನಾರ್ವೆಯ ಚರ್ಚೆಯನ್ನು ಹಿಂಬಾಲಿಸಲು ಸಾಕು.

"ವ್ಯಾರ್ ವರ್ಸೊಮ್" ಎಂಬ ಮಾತು ಎಲ್ಲ ಕಡೆ ಬರುತ್ತದೆ. ಅದೇನು?

"ಎಚ್ಚರವಿರಲಿ" ಎಂಬುದೇ ಆ ಮಾತಿನ ಅರ್ಥ. ವ್ಯಾರ್ ವರ್ಸೊಮ್ ಪ್ಲಕಾಟೆನ್ ಎಂದರೆ ಎಚ್ಚರಿಕೆಯ ಭಿತ್ತಿಪತ್ರ; ಸುದ್ದಿಮನೆಯ ಗೋಡೆಗೆ ತೂಗುಹಾಕಲು ತಕ್ಕದ್ದು ಎಂಬ ಭಾವದಲ್ಲಿ ನಾರ್ವೆಯ ಪತ್ರಿಕಾ ನೀತಿಸಂಹಿತೆಗೆ ಇಟ್ಟ ಹೆಸರು. 1910ರಲ್ಲಿ ಸ್ಥಾಪನೆಯಾದ ನಾರ್ವೆ ಪತ್ರಿಕಾ ಒಕ್ಕೂಟ 1936ರಲ್ಲಿ ಇದನ್ನು ಮೊದಲು ಅಂಗೀಕರಿಸಿತು, ಆಮೇಲೆ ಹಲವು ಬಾರಿ ತಿದ್ದಿತು. ಅಂದಿನ ಪತ್ರಿಕೆಗಳಲ್ಲಿ ಬಹುಪಾಲು ಒಂದಲ್ಲ ಒಂದು ರಾಜಕೀಯ ಪಕ್ಷದ ಜೊತೆಗಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು. ಪರಸ್ಪರ ಜಗಳವಾಡುತ್ತಿದ್ದ ಪಕ್ಷಪತ್ರಿಕೆಗಳೇ ಒಟ್ಟಿಗೆ ಕುಳಿತು ಈ ನಿಯಮಗಳನ್ನು ಒಪ್ಪಿದ್ದರಿಂದ, ಪಕ್ಷಪಾತ ಇರಬಾರದು ಎಂಬ ಷರತ್ತು ಅವುಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಪರ್ಯಾಯ ತಾಣಗಳ ಒಲವನ್ನು ಖಂಡಿಸಲು ಈ ಸಂಹಿತೆಯನ್ನು ಎತ್ತಿಕೊಳ್ಳುವವರೂ, ತಮ್ಮ ಒಲವಿಗಾಗಿಯೇ ಸಂಹಿತೆಯ ಹೆಸರಿನಲ್ಲಿ ಕಿರುಕುಳವಾಗುತ್ತಿದೆ ಎನ್ನುವ ತಾಣಗಳೂ ಸಮಾನವಾಗಿ ಮರೆಯುವ ಸಂಗತಿ ಇದು.

ಸಂಹಿತೆಯಲ್ಲಿ ನಾಲ್ಕು ಅಧ್ಯಾಯಗಳಿವೆ: ಸಮಾಜದಲ್ಲಿ ಪತ್ರಿಕೆಯ ಪಾತ್ರ, ಸುದ್ದಿಮನೆಯ ಪ್ರಾಮಾಣಿಕತೆ ಮತ್ತು ವಿಶ್ವಾಸಾರ್ಹತೆ, ಮೂಲಗಳೊಂದಿಗಿನ ನಡವಳಿಕೆ, ಪ್ರಕಟಣೆಯ ನಿಯಮಗಳು. ಜಗಳವಾಗುವುದು ಹೆಚ್ಚಾಗಿ ಕೊನೆಯ ಅಧ್ಯಾಯದ ಮೇಲೆ. ವಸ್ತುಸ್ಥಿತಿ ಯಾವುದು, ಅಭಿಪ್ರಾಯ ಯಾವುದು ಎಂದು ಓದುಗನಿಗೆ ತಿಳಿಯುವಂತಿರಬೇಕು ಎನ್ನುತ್ತದೆ 4.2, ಶೀರ್ಷಿಕೆ ಒಳಗಿನ ಬರಹವನ್ನು ಮೀರಬಾರದು ಎನ್ನುತ್ತದೆ 4.4, ತಪ್ಪನ್ನು ಬೇಗ ತಿದ್ದಬೇಕು ಎನ್ನುತ್ತದೆ 4.13. ನಾರ್ವೆಯ ಪತ್ರಕರ್ತರು ಈ ಅಂಕಿಗಳನ್ನೇ ಮಾತಿನಲ್ಲಿ ಬಳಸುತ್ತಾರೆ. "ಅದು 4.14ರ ಪ್ರಶ್ನೆ" ಎಂದರೆ ಸುದ್ದಿಮನೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಇದು ಕಾನೂನೇ? ಮುರಿದರೆ ಏನಾಗುತ್ತದೆ?

ಕಾನೂನಲ್ಲ. ಸಂಹಿತೆಯನ್ನು ಮುರಿದ ಪತ್ರಿಕೆಗೆ ದಂಡವಿಲ್ಲ, ಪರಿಹಾರ ಕೊಡಬೇಕಾಗಿಲ್ಲ, ಪ್ರಕಟಣೆ ನಿಲ್ಲುವುದಿಲ್ಲ. ದೂರನ್ನು ಪರಿಶೀಲಿಸುವುದು ಪಿಎಫ್‌ಯು ಎಂಬ ಸಮಿತಿ. 1928ರಲ್ಲಿ ಹುಟ್ಟಿದ ಈ ಸಮಿತಿಯೊಳಗೆ 1972ರ ಪುನರ್ರಚನೆಯ ನಂತರ ಪತ್ರಿಕಾರಂಗದ ಹೊರಗಿನವರೂ ಬಂದರು. ಈಗ ಏಳು ಸದಸ್ಯರಲ್ಲಿ ಇಬ್ಬರು ಸಂಪಾದಕರು, ಇಬ್ಬರು ಪತ್ರಕರ್ತರು, ಮೂವರು ಸಾರ್ವಜನಿಕರ ಪ್ರತಿನಿಧಿಗಳು. ಸಭೆಗಳು ಮುಚ್ಚಿದ ಬಾಗಿಲಿನ ಹಿಂದೆ ನಡೆಯುವುದಿಲ್ಲ, ಅಂತರ್ಜಾಲದಲ್ಲಿ ನೇರವಾಗಿ ನೋಡಬಹುದು. ಪತ್ರಿಕೆ ತಪ್ಪಿತಸ್ಥ ಎಂದಾದರೆ ಸಮಿತಿಯ ತೀರ್ಮಾನವನ್ನು ತನ್ನದೇ ಪುಟದಲ್ಲಿ, ಎದ್ದುಕಾಣುವ ಜಾಗದಲ್ಲಿ ಪ್ರಕಟಿಸಬೇಕು. ಶಿಕ್ಷೆ ಇಷ್ಟೇ.

ಇಷ್ಟಕ್ಕೆ ಯಾರು ಹೆದರುತ್ತಾರೆ ಎಂದು ನಮಗೆ ಅನ್ನಿಸುವುದು ಸಹಜ. ಆದರೆ "ಪಿಎಫ್‌ಯುವಿನಲ್ಲಿ ಫೆಲ್ತ್ ಆದರು", ಅಂದರೆ ಕೆಡವಲ್ಪಟ್ಟರು, ಎಂಬ ಮಾತು ನಾರ್ವೆಯ ಪತ್ರಕರ್ತನಿಗೆ ನಿಜವಾಗಿಯೂ ನಾಟುತ್ತದೆ. ಪ್ರತಿಸ್ಪರ್ಧಿ ಪತ್ರಿಕೆಗಳು ಅದನ್ನು ಸುದ್ದಿಯಾಗಿಯೇ ಬರೆಯುತ್ತವೆ. ನೆರೆಯ ಡೆನ್ಮಾರ್ಕಿನ ಪತ್ರಿಕಾ ಮಂಡಳಿ ಕಾನೂನಿನಿಂದ ಸ್ಥಾಪಿತವಾದದ್ದು. ನಮ್ಮ ಭಾರತೀಯ ಪತ್ರಿಕಾ ಮಂಡಳಿಯೂ ಸಂಸತ್ತಿನ ಕಾಯಿದೆಯಿಂದ ಬಂದದ್ದು, ಆದರೂ ಅದರ ಕೈಯಲ್ಲೂ ಛೀಮಾರಿಗಿಂತ ಹೆಚ್ಚಿನ ಅಸ್ತ್ರವಿಲ್ಲ. ನಾರ್ವೆಯ ವ್ಯವಸ್ಥೆಯ ಬಲವೆಲ್ಲ ಪತ್ರಿಕೆಗಳು ತಾವಾಗಿ ಒಪ್ಪಿಕೊಂಡಿವೆ ಎಂಬುದರಲ್ಲಿದೆ. ಪರ್ಯಾಯ ತಾಣಗಳ ಪ್ರಶ್ನೆ ಎದ್ದಾಗ ವ್ಯವಸ್ಥೆ ತಡವರಿಸಿದ್ದೂ ಇದೇ ಜಾಗದಲ್ಲಿ: ಒಪ್ಪಂದಕ್ಕೆ ಸಹಿ ಹಾಕದವನ ಮೇಲೆ ಒಪ್ಪಂದ ಹೇರುವುದು ಹೇಗೆ?

ಎಲ್ಲ ನಿಯಮಗಳಲ್ಲಿ ಹೆಚ್ಚು ತೂಕದ್ದು ಯಾವುದು?

ನನ್ನ ಮಟ್ಟಿಗೆ 4.14. ಗಂಭೀರ ಆರೋಪಕ್ಕೆ ಗುರಿಯಾದವರಿಗೆ, ಆ ಆರೋಪದಲ್ಲಿರುವ ವಸ್ತುಸ್ಥಿತಿಯ ಅಂಶಗಳನ್ನು ಅದೇ ಪ್ರಕಟಣೆಯಲ್ಲಿ ಅಲ್ಲಗಳೆಯಲು ಸಾಧ್ಯವಾದಷ್ಟು ಮಟ್ಟಿಗೆ ಅವಕಾಶ ಕೊಡಬೇಕು ಎಂಬುದು ಇದರ ತಿರುಳು. ನಾರ್ವೆಯವರು ಇದನ್ನು "ಸಮ್ತೀದಿ ಇಮೊತೆಗೋಯೆಲ್ಸೆ" ಎನ್ನುತ್ತಾರೆ. ಏಕಕಾಲದ ಪ್ರತ್ಯುತ್ತರ ಎಂದು ನಾವು ಹೇಳಬಹುದು. ಇದರ ಮುಂದಿನ ಅಂಶವಾದ 4.15, ಟೀಕೆಗೆ ಒಳಗಾದವರು ಆಮೇಲೆ ಉತ್ತರ ಬರೆದು ಕಳಿಸಿದರೆ ಅದನ್ನು ಪ್ರಕಟಿಸಬೇಕು ಎನ್ನುತ್ತದೆ. ಎರಡೂ ಒಂದೇ ರೀತಿ ಕೇಳಿಸುತ್ತವೆ, ಆದರೆ ಎರಡರ ನಡುವೆ ಒಂದು ರಾತ್ರಿಯ ಅಂತರವಿದೆ. ಆ ರಾತ್ರಿಯಲ್ಲಿ ಒಬ್ಬನ ಮಾನ ಹೋಗಬಹುದು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಒಂದು ಸಣ್ಣ ಊರಿನ ಪುರಸಭೆಯ ಅಧಿಕಾರಿ ತನ್ನ ಭಾವಮೈದುನನಿಗೆ ಹಿಮ ತೆಗೆಯುವ ಗುತ್ತಿಗೆ ಕೊಡಿಸಿದ್ದಾನೆ ಎಂಬ ಕಾಗದ ಸುದ್ದಿಮನೆಗೆ ಬರುತ್ತದೆ. ಶುಕ್ರವಾರ ಸಂಜೆ 4.50ಕ್ಕೆ, ಕಚೇರಿ ಮುಚ್ಚಿದ ಮೇಲೆ, ಅಧಿಕಾರಿಯ ಕಚೇರಿ ವಿಳಾಸಕ್ಕೆ "ನಿಮ್ಮ ಪ್ರತಿಕ್ರಿಯೆ ಏನು?" ಎಂದು ಒಂದು ಸಾಲಿನ ಇಮೇಲ್ ಹೋಗುತ್ತದೆ. 5.10ಕ್ಕೆ ಸುದ್ದಿ ಪ್ರಕಟವಾಗುತ್ತದೆ, ಕೊನೆಯಲ್ಲಿ "ಪ್ರತಿಕ್ರಿಯೆಗೆ ಸಿಗಲಿಲ್ಲ" ಎಂಬ ಸಾಲು. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ, ಆದರೆ 4.14ರ ದೃಷ್ಟಿಯಲ್ಲಿ ಉತ್ತರಿಸಲು ಅವಕಾಶ ಕೊಟ್ಟಂತೆಯೇ ಆಗಿಲ್ಲ. ಆರೋಪ ಏನೆಂದು ಬಿಡಿಸಿ ಹೇಳಿದ್ದರೇ, ಉತ್ತರಿಸಲು ಸಮಯವಿತ್ತೇ, ಮೊಬೈಲಿಗೆ ಕರೆ ಮಾಡಿದರೇ, ಉತ್ತರ ಬಂದಿದ್ದರೆ ಅದನ್ನು ಆರೋಪದ ಪಕ್ಕದಲ್ಲೇ ಹಾಕುತ್ತಿದ್ದರೇ ಅಥವಾ ಮೂವತ್ತನೆಯ ಸಾಲಿನಲ್ಲೇ ಎಂಬುದನ್ನೆಲ್ಲ ಸಮಿತಿ ಕೇಳುತ್ತದೆ. ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಒಬ್ಬ ವ್ಯಕ್ತಿ ಮಾತನಾಡಲು ಒಪ್ಪದೆ ಇರುವುದರಿಂದ ಸುದ್ದಿ ನಿಲ್ಲಬಾರದು ಎಂದೂ ಅದೇ 4.14 ಹೇಳುತ್ತದೆ. ಬಾಯಿ ಮುಚ್ಚಿಕೊಂಡು ಕುಳಿತು ಪತ್ರಿಕೆಯ ಬಾಯಿಯನ್ನೂ ಮುಚ್ಚಿಸಲಾಗದು.

ಪರ್ಯಾಯ ತಾಣಗಳಿಗೆ ಈ ನಿಯಮ ಯಾಕೆ ತೊಡಕಾಗುತ್ತದೆ ಎಂದರೆ, ಅವುಗಳ ಬರಹದಲ್ಲಿ ಬಹುಪಾಲು ಬೇರೆ ಪತ್ರಿಕೆಗಳು ಈಗಾಗಲೇ ಪ್ರಕಟಿಸಿದ ಸುದ್ದಿಗೆ ಹೊಸ ಶೀರ್ಷಿಕೆ, ಹೊಸ ಒತ್ತು, ಮೇಲೊಂದಿಷ್ಟು ವ್ಯಾಖ್ಯಾನ ಕೊಟ್ಟದ್ದಾಗಿರುತ್ತದೆ. ಮೂಲ ಪತ್ರಿಕೆ ಕರೆ ಮಾಡಿತ್ತು, ನಾವು ಮತ್ತೆ ಯಾಕೆ ಮಾಡಬೇಕು ಎಂಬ ವಾದ ಮೇಲ್ನೋಟಕ್ಕೆ ಒಪ್ಪುವಂತಿದೆ. ಆದರೆ ಮೂಲದಲ್ಲಿ ಇಲ್ಲದ ಆರೋಪವನ್ನು ಹೊಸ ಶೀರ್ಷಿಕೆ ಹೊರಿಸಿದ್ದರೆ, ಹಳೆಯ ಉತ್ತರ ಹೊಸ ಆರೋಪಕ್ಕೆ ಒದಗಿಬರುವುದಿಲ್ಲ. ಯಾವುದೇ ತಾಣದ ಲೇಖನವನ್ನು ಅಳೆಯುವಾಗ ಅದು ಎಡವೋ ಬಲವೋ ಎಂದು ಮೊದಲು ಕೇಳುವವರಿಗೆ ನಾನು ಹೇಳುವುದೆಂದರೆ, ಯಾರಿಗೆ ಕರೆ ಮಾಡಿದರು, ಯಾವಾಗ ಮಾಡಿದರು ಎಂಬುದನ್ನು ಮೊದಲು ಹುಡುಕಿ.

ಮುಖ್ಯವಾಹಿನಿಯ ಪತ್ರಿಕೆಗಳು ಇಂಥ ತಪ್ಪು ಮಾಡುವುದೇ ಇಲ್ಲವೇ?

ಮಾಡುತ್ತವೆ, ದೊಡ್ಡದಾಗಿಯೇ ಮಾಡುತ್ತವೆ. 2019ರ ಫೆಬ್ರುವರಿಯಲ್ಲಿ ಲೇಬರ್ ಪಕ್ಷದ ಮಾಜಿ ಸಚಿವ ತ್ರೊಂಡ್ ಗಿಸ್ಕೆ ಓಸ್ಲೋದ ಬಾರೊಂದರಲ್ಲಿ ಯುವತಿಯೊಬ್ಬಳ ಜೊತೆ ಕುಣಿದ ವಿಡಿಯೋ ಹರಿದಾಡಿತು. ದೇಶದ ಅತಿ ದೊಡ್ಡ ಸುದ್ದಿಮನೆಗಳಲ್ಲೊಂದಾದ ವಿಜಿ ಆ ಯುವತಿಯ ಬಾಯಲ್ಲಿ, ತನ್ನ ಮೇಲೆ ಕುಣಿಯುವ ಒತ್ತಡವಿತ್ತು ಎಂಬರ್ಥದ ಮಾತನ್ನು ಪ್ರಕಟಿಸಿತು. ಗಿಸ್ಕೆ ಮೇಲೆ ಮೊದಲೇ ಅನುಚಿತ ವರ್ತನೆಯ ದೂರುಗಳಿದ್ದುದರಿಂದ ಆ ಒಂದು ಮಾತಿಗೆ ಭಾರೀ ತೂಕ ಬಂತು. ಕೆಲವೇ ವಾರಗಳಲ್ಲಿ ಆಕೆ ಟಿವಿ 2 ವಾಹಿನಿಯ ಮುಂದೆ ಬಂದು, ತಾನು ಹಾಗೆ ಹೇಳಿಯೇ ಇಲ್ಲ, ವರದಿಗಾರರು ತನ್ನ ಬಾಯಿಗೆ ಮಾತು ತುರುಕಿದರು ಎಂದಳು. ವಿಜಿ ಒಳಗಿನ ತನಿಖೆ ನಡೆಸಿ, ತನ್ನ ತಪ್ಪುಗಳ ವರದಿಯನ್ನು ತಾನೇ ಪ್ರಕಟಿಸಿತು; ಪಿಎಫ್‌ಯು ಅದೇ ವರ್ಷ ಪತ್ರಿಕೆಯನ್ನು ಸಂಹಿತೆಯ ಹಲವು ಅಂಶಗಳಲ್ಲಿ ತಪ್ಪಿತಸ್ಥ ಎಂದಿತು. ನೇರ ಉಲ್ಲೇಖಗಳು ಕರಾರುವಾಕ್ಕಾಗಿರಬೇಕು ಎಂಬ ನಿಯಮವೂ, ಮಾಧ್ಯಮದ ಮುಂದೆ ಮಾತನಾಡಿ ಅಭ್ಯಾಸವಿಲ್ಲದವರ ಬಗ್ಗೆ ವಿಶೇಷ ಕಾಳಜಿ ಇರಬೇಕು ಎಂಬ ನಿಯಮವೂ ಅಚ್ಚಿನಲ್ಲಿ ಇದ್ದಾಗಲೇ ಇದೆಲ್ಲ ನಡೆಯಿತು.

ಪರ್ಯಾಯ ತಾಣಗಳಿಗೆ ಇದು ಹಬ್ಬದೂಟವಾಯಿತು, ಆಗಬೇಕಾದದ್ದೂ ಹೌದು. ಆದರೆ ಇದೇ ಪ್ರಕರಣದಲ್ಲಿ ಪ್ರತಿಸ್ಪರ್ಧಿ ವಾಹಿನಿ ತಪ್ಪನ್ನು ಬಯಲಿಗೆಳೆಯಿತು, ಪತ್ರಿಕೆಯೇ ತನ್ನ ಎಡವಟ್ಟನ್ನು ದಿನವಾರು ಬಿಡಿಸಿ ಬರೆಯಿತು, ಸಮಿತಿ ತೆರೆದ ಸಭೆಯಲ್ಲಿ ತೀರ್ಪು ಕೊಟ್ಟಿತು ಎಂಬುದನ್ನು ಹೇಳದೆ ಬಿಟ್ಟರೆ ಕಥೆ ಅರ್ಧವಾಗುತ್ತದೆ.

ಪರ್ಯಾಯ ತಾಣದ ಸಂಪಾದಕರಿಗೆ ಸಂಪಾದಕರ ಸಂಘದ ಸದಸ್ಯತ್ವ ನಿರಾಕರಿಸಿದ್ದು ಯಾಕೆ?

ಇದಕ್ಕೆ ಮೊದಲು ಇನ್ನೊಂದು ದಾಖಲೆಯ ಪರಿಚಯ ಬೇಕು. 1953ರಲ್ಲಿ ಸಂಪಾದಕರ ಸಂಘವೂ ಪತ್ರಿಕಾ ಮಾಲೀಕರ ಸಂಘಟನೆಯೂ ಸೇರಿ ರೆದಕ್ತೊರ್‌ಪ್ಲಕಾಟೆನ್ ಎಂಬ ಸಂಪಾದಕರ ಸನ್ನದನ್ನು ಒಪ್ಪಿಕೊಂಡವು. ಪ್ರಕಟವಾದುದಕ್ಕೆಲ್ಲ ಸಂಪಾದಕನೇ ವೈಯಕ್ತಿಕವಾಗಿ ಪೂರ್ಣ ಹೊಣೆ. ಅದಕ್ಕೆ ಪ್ರತಿಯಾಗಿ ಮಾಲೀಕ ಸಂಪಾದಕೀಯ ವಿಷಯದಲ್ಲಿ ಕೈಹಾಕುವಂತಿಲ್ಲ. ನಾರ್ವೆಯಲ್ಲಿ "ಸಂಪಾದಕೀಯ ಮಾಧ್ಯಮ" ಎನ್ನಿಸಿಕೊಳ್ಳುವುದೆಂದರೆ ಈ ಸನ್ನದನ್ನೂ ಎಚ್ಚರಿಕೆಯ ಭಿತ್ತಿಪತ್ರವನ್ನೂ ಒಟ್ಟಿಗೆ ಹೆಗಲಿಗೇರಿಸಿಕೊಳ್ಳುವುದು.

ರೆಸೆಟ್‌ನ ಲೂರೋಸ್ ಸಂಘದ ಸದಸ್ಯತ್ವ ಕೇಳಿದಾಗ, ಅವರ ತಾಣ ಪತ್ರಿಕಾ ನೀತಿಯನ್ನು ಸಾಕಷ್ಟು ಪಾಲಿಸುತ್ತಿಲ್ಲ ಎಂಬ ಕಾರಣಕ್ಕೆ ಸಂಘ ನಿರಾಕರಿಸಿತು. ಆ ಹೊತ್ತಿಗೇ ಡಾಕ್ಯುಮೆಂಟ್‌ನ ರುಸ್ತಾದ್ ಅವರನ್ನು ಅದೇ ಸಂಘ ಸೇರಿಸಿಕೊಂಡಿತ್ತು. ಎರಡು ತಾಣಗಳ ರಾಜಕೀಯ ಒಲವಿನಲ್ಲಿ ಅಂಥ ದೊಡ್ಡ ವ್ಯತ್ಯಾಸವೇನೂ ಇಲ್ಲದಿದ್ದುದರಿಂದ, ಬಾಗಿಲಲ್ಲಿ ಕೇಳಿದ್ದು ಒಲವಿನ ಪ್ರಶ್ನೆಯಲ್ಲ ಎಂದು ಸಂಘದ ಪರವಾಗಿ ವಾದಿಸಬಹುದು. ವಿರೋಧಿಗಳ ವಾದವೂ ಹಗುರವಲ್ಲ: ನೀತಿ ಪಾಲಿಸದವರನ್ನು ಹೊರಗಿಟ್ಟರೆ ಅವರು ನೀತಿ ಕಲಿಯುವುದು ಎಲ್ಲಿ? ಒಳಗೆ ಬಿಟ್ಟು ಒಂದೊಂದೇ ದೂರಿನಲ್ಲಿ ಪಾಠ ಕಲಿಸುವುದು ಲೇಸೋ, ಮೊದಲು ನಡತೆ ತೋರಿಸಲಿ ಎಂದು ಹೊಸ್ತಿಲಲ್ಲಿ ನಿಲ್ಲಿಸುವುದು ಲೇಸೋ ಎಂಬುದರ ಬಗ್ಗೆ ಅಲ್ಲಿನ ಸಂಪಾದಕರಲ್ಲೇ ಒಮ್ಮತವಿರಲಿಲ್ಲ. ನನಗೆ ಮೊದಲನೆಯದೇ ಸರಿ ಎನ್ನಿಸುತ್ತದೆ. ಸದಸ್ಯನಾದವನನ್ನು ಕೆಡವಬಹುದು, ಹೊರಗಿರುವವನಿಗೆ ಕೆಡವಿಸಿಕೊಂಡದ್ದೇ ಪದಕ.

ಓದುಗರ ಕಮೆಂಟುಗಳಿಗೆ ಯಾರು ಹೊಣೆ?

ಈ ಪ್ರಶ್ನೆ ನಾರ್ವೆಯಲ್ಲಿ ಬರಿಯ ತಾಂತ್ರಿಕ ಪ್ರಶ್ನೆಯಾಗಿ ಉಳಿದಿಲ್ಲ. 2011ರ ಜುಲೈ 22ರಂದು ಓಸ್ಲೋದ ಸರ್ಕಾರಿ ಕಟ್ಟಡಗಳ ಬಳಿ ಬಾಂಬ್ ಸಿಡಿಸಿ 8 ಜನರನ್ನೂ, ಉಟೋಯ ದ್ವೀಪದಲ್ಲಿ ಗುಂಡಿಟ್ಟು 69 ಜನರನ್ನೂ ಕೊಂದವನು ಅದಕ್ಕೂ ಮೊದಲು ಡಾಕ್ಯುಮೆಂಟ್ ತಾಣದಲ್ಲಿ ಕಮೆಂಟುಗಳನ್ನು ಬರೆದಿದ್ದ. ದಾಳಿಯ ನಂತರ ಆ ತಾಣ ಅವನ ಕಮೆಂಟುಗಳನ್ನೆಲ್ಲ ಒಂದೆಡೆ ಸೇರಿಸಿ, ಯಾರು ಬೇಕಾದರೂ ಓದುವಂತೆ ಪ್ರಕಟಿಸಿತು. ತಾಣದ ಬಗ್ಗೆ ಏನೇ ಅಭಿಪ್ರಾಯವಿರಲಿ, ಅಳಿಸಿ ಕೈತೊಳೆದುಕೊಳ್ಳದೆ ಮುಂದಿಟ್ಟದ್ದು ಪತ್ರಿಕಾ ಧರ್ಮಕ್ಕೆ ಒಪ್ಪುವ ನಡೆಯೇ ಆಗಿತ್ತು ಎಂದು ನಾನು ಭಾವಿಸುತ್ತೇನೆ. ಕಮೆಂಟು ಬರೆದವನ ಕೃತ್ಯಕ್ಕೆ ತಾಣ ಹೊಣೆಯೇ ಎಂಬುದು ಬೇರೆಯೇ ಪ್ರಶ್ನೆ. ಎರಡನ್ನೂ ಬೆರೆಸಿ ಮಾತನಾಡಿದವರು ಅಂದು ಬಹಳ ಮಂದಿ ಇದ್ದರು.

ಸಂಹಿತೆಯ 4.17 ಹೇಳುವುದು ಇಷ್ಟು: ಓದುಗರ ಬರಹವನ್ನು ಪ್ರಕಟಣೆಗೆ ಮುಂಚೆ ಪರಿಶೀಲಿಸದಿದ್ದರೆ ಆ ವಿಷಯವನ್ನು ಸ್ಪಷ್ಟವಾಗಿ ತಿಳಿಸಿರಬೇಕು, ಮತ್ತು ನೀತಿ ಮೀರಿದ ಬರಹವನ್ನು ಬೇಗ ತೆಗೆಯುವ ಹೊಣೆ ಸಂಪಾದಕರದು. "ಅದು ಓದುಗರು ಬರೆದದ್ದು, ನಮ್ಮದಲ್ಲ" ಎಂಬ ಜಾರಿಕೆಗೆ ಇಲ್ಲಿ ಜಾಗವಿಲ್ಲ. 2011ರ ನಂತರ ಅನೇಕ ಪತ್ರಿಕೆಗಳು ನಿಜಹೆಸರಿನ ಲಾಗಿನ್ ಕಡ್ಡಾಯ ಮಾಡಿದವು, ಕಣ್ಗಾವಲು ಹೆಚ್ಚಿಸಿದವು. ಎಲ್ಲಕ್ಕಿಂತ ಸೊಗಸಾದ ಉಪಾಯ ಹೊಳೆದದ್ದು ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಆರ್‌ಕೆಯ ತಂತ್ರಜ್ಞಾನ ಪುಟ ಎನ್‌ಆರ್‌ಕೆ-ಬೀಟಾಕ್ಕೆ. 2017ರಲ್ಲಿ ಅದು ಕೆಲವು ಲೇಖನಗಳ ಕೆಳಗೆ ಮೂರು ಬಹು ಆಯ್ಕೆಯ ಪ್ರಶ್ನೆಗಳನ್ನು ಇಟ್ಟಿತು. ಲೇಖನ ಓದಿದವರಿಗೆ ಉತ್ತರ ಸುಲಭ, ಶೀರ್ಷಿಕೆ ಮಾತ್ರ ಓದಿ ಕೆಂಡವಾದವರಿಗೆ ಕಷ್ಟ. ಮೂರಕ್ಕೂ ಸರಿಯುತ್ತರ ಕೊಟ್ಟ ಮೇಲೆಯೇ ಕಮೆಂಟಿನ ಪೆಟ್ಟಿಗೆ ತೆರೆಯುತ್ತಿತ್ತು. ಉತ್ತರ ಹುಡುಕಲು ಹಿಡಿಯುವ ಹದಿನೈದು ಕ್ಷಣಗಳಲ್ಲಿ ಸಿಟ್ಟು ಒಂದಿಷ್ಟು ಇಳಿಯುತ್ತದೆ ಎಂಬುದು ಲೆಕ್ಕಾಚಾರ. ನಮ್ಮ ಕನ್ನಡ ಸುದ್ದಿತಾಣಗಳ ಕಮೆಂಟು ವಿಭಾಗವನ್ನು ಒಮ್ಮೆಯಾದರೂ ಇಳಿದು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಆರೋಪಿಯ ಹೆಸರು, ಮೂಲದೇಶ ಇತ್ಯಾದಿಗಳನ್ನು ದೊಡ್ಡ ಪತ್ರಿಕೆಗಳು ಯಾಕೆ ಬರೆಯುವುದಿಲ್ಲ? ಮುಚ್ಚಿಡುತ್ತಿವೆಯೇ?

ಪರ್ಯಾಯ ತಾಣಗಳ ಅತ್ಯಂತ ಹಳೆಯ ದೂರು ಇದು. ಅಪರಾಧ ವರದಿಯಲ್ಲಿ ತೀರ್ಪಿಗೆ ಮುಂಚೆ ತೀರ್ಪು ಕೊಡಬಾರದು ಎನ್ನುತ್ತದೆ 4.5, ಹೆಸರು ಮತ್ತು ಚಿತ್ರ ಬಳಸುವಾಗ ಎಚ್ಚರವಿರಲಿ ಎನ್ನುತ್ತದೆ 4.7. ಆದ್ದರಿಂದ "ಮೂವತ್ತರ ಆಸುಪಾಸಿನ ಪುರುಷ" ಎಂಬಷ್ಟರಲ್ಲೇ ಅನೇಕ ಸುದ್ದಿಗಳು ಮುಗಿಯುತ್ತವೆ. ಈ ನಿಯಮ ಎಲ್ಲರಿಗೂ ಅನ್ವಯಿಸುತ್ತದೆ. ನಾಲ್ಕು ತಲೆಮಾರಿನಿಂದ ಅದೇ ಊರಿನಲ್ಲಿ ಮೀನು ಹಿಡಿಯುತ್ತಿರುವ ಕುಟುಂಬದ ಹುಡುಗನಿಗೂ ಅದೇ ರಕ್ಷೆ. ಮೂರು ಸಾವಿರ ಜನರ ಊರಿನಲ್ಲಿ ಹೆಸರು ಬರೆಯದಿದ್ದರೂ ಎಲ್ಲರಿಗೂ ತಿಳಿದುಹೋಗುತ್ತದೆ ಎಂಬುದು ಅಲ್ಲಿನ ಸ್ಥಳೀಯ ಪತ್ರಿಕೆಗಳ ನಿತ್ಯದ ತಲೆನೋವು.

ಆದರೂ ಈ ದೂರಿನಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಪ್ರಸ್ತುತವಾದ ಮಾಹಿತಿಯನ್ನು ಮುಜುಗರಕ್ಕೆ ಹೆದರಿ ಬಿಟ್ಟರೆ ಓದುಗ ಅದನ್ನು ಬೇರೆ ಕಡೆ ಹುಡುಕುತ್ತಾನೆ, ಸಿಕ್ಕ ಜಾಗದಲ್ಲಿ ಮಿಕ್ಕದ್ದನ್ನೂ ನಂಬತೊಡಗುತ್ತಾನೆ. ಸಂಹಿತೆ ಕೇಳುವುದು ಮಾಹಿತಿ ಸುದ್ದಿಗೆ ಪ್ರಸ್ತುತವೇ ಎಂದು. ಆ ಪ್ರಶ್ನೆಯನ್ನು ಪ್ರತಿ ಬಾರಿ ಹೊಸದಾಗಿ ಕೇಳಿಕೊಳ್ಳುವ ಬದಲು ರೂಢಿಯ ಬಲದಿಂದ ಬಿಟ್ಟುಬಿಡುವ, ಇಲ್ಲವೇ ರೂಢಿಯ ಬಲದಿಂದ ಸೇರಿಸಿಬಿಡುವ ಎರಡೂ ಸುದ್ದಿಮನೆಗಳು ಅದನ್ನು ಓದಿಲ್ಲ ಎಂದೇ ಹೇಳಬೇಕು.

ಸರ್ಕಾರದ ಹಣ ಪಡೆಯುವ ಪತ್ರಿಕೆ ಸರ್ಕಾರವನ್ನು ಟೀಕಿಸುವುದು ಹೇಗೆ?

ನಾರ್ವೆಯಲ್ಲಿ ಪತ್ರಿಕೆಗಳಿಗೆ ನೇರ ಸಹಾಯಧನ ಆರಂಭವಾದದ್ದು 1969ರಲ್ಲಿ. ಇಂದು ಅದನ್ನು ಹಂಚುವುದು ಫ್ರೆಡ್ರಿಕ್‌ಸ್ತಾದ್ ನಗರದಲ್ಲಿರುವ ಮಾಧ್ಯಮ ಪ್ರಾಧಿಕಾರ. ಸುಮಾರು 55 ಲಕ್ಷ ಜನರ ದೇಶದಲ್ಲಿ 200ಕ್ಕೂ ಹೆಚ್ಚು ಪತ್ರಿಕೆಗಳು ಉಸಿರಾಡುತ್ತಿರುವುದಕ್ಕೆ ಇದೂ ಒಂದು ಕಾರಣ. ಎನ್‌ಆರ್‌ಕೆಗೆ ಮನೆಮನೆಯಿಂದ ವಸೂಲಾಗುತ್ತಿದ್ದ ಶುಲ್ಕ 2020ರಲ್ಲಿ ರದ್ದಾಗಿ, ಅದರ ಖರ್ಚು ತೆರಿಗೆಗೆ ಸೇರಿತು. "ಸರ್ಕಾರಿ ಅನ್ನ ತಿನ್ನುವವರು" ಎಂಬ ಪರ್ಯಾಯ ತಾಣಗಳ ಚುಚ್ಚುಮಾತು ಇಲ್ಲಿಂದ ಬರುತ್ತದೆ. ಸಹಾಯಧನದ ಷರತ್ತುಗಳಲ್ಲಿ ರಾಜಕೀಯ ಒಲವಿನ ಮಾತಿಲ್ಲ. ಹೊಣೆಗಾರ ಸಂಪಾದಕ ಇರಬೇಕು, ಸಂಪಾದಕರ ಸನ್ನದನ್ನು ಪಾಲಿಸಬೇಕು, ಹಣ ಕೊಟ್ಟು ಓದುವ ಚಂದಾದಾರರಿರಬೇಕು ಎಂಬಂಥವೇ ಇವೆ. ಉಚಿತವಾಗಿ ಓದಲು ಬಿಟ್ಟು, ವಿಪ್ಸ್ ಎಂಬ ಮೊಬೈಲ್ ಪಾವತಿಯ ಮೂಲಕ ಅಭಿಮಾನಿಗಳಿಂದ ದೇಣಿಗೆ ಪಡೆದು ನಡೆಯುವ ತಾಣಕ್ಕೆ ಕೊನೆಯ ಷರತ್ತೇ ಅಡ್ಡಬರುತ್ತದೆ. ದೇಣಿಗೆಯ ಬದುಕಿಗೆ ಅದರದೇ ಒಂದು ಋಣವಿದೆ: ದೇಣಿಗೆ ಕೊಡುವವರಿಗೆ ರುಚಿಸದ ತಿದ್ದುಪಡಿ ಪ್ರಕಟಿಸುವುದು ಸರ್ಕಾರವನ್ನು ಟೀಕಿಸುವುದಕ್ಕಿಂತ ಕಷ್ಟ.

ನೀತಿ ಬಿಟ್ಟರೆ, ಕಾನೂನು ಏನನ್ನು ತಡೆಯುತ್ತದೆ?

ಸ್ವಲ್ಪವೇ. ಸಂವಿಧಾನದ 100ನೆಯ ಕಲಮು 2004ರಲ್ಲಿ ಹೊಸ ರೂಪ ಪಡೆದು, ಮುಕ್ತವೂ ಪ್ರಬುದ್ಧವೂ ಆದ ಸಾರ್ವಜನಿಕ ಸಂವಾದಕ್ಕೆ ಅನುಕೂಲ ಕಲ್ಪಿಸುವುದು ಸರ್ಕಾರದ ಕರ್ತವ್ಯ ಎಂದಿತು. ಮಾನಹಾನಿ 2015ರಿಂದ ಅಪರಾಧವಲ್ಲ, ಪರಿಹಾರ ಕೇಳಿ ಸಿವಿಲ್ ದಾವೆ ಹೂಡಬಹುದು. ದ್ವೇಷದ ಮಾತು ದಂಡಸಂಹಿತೆಯ 185ನೆಯ ಕಲಮಿನಡಿ ಅಪರಾಧವಾಗಿಯೇ ಉಳಿದಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಮಾಧ್ಯಮ ಹೊಣೆಗಾರಿಕೆ ಕಾಯಿದೆ ಸಂಪಾದಕನ ಸ್ವಾತಂತ್ರ್ಯವನ್ನೂ ಹೊಣೆಯನ್ನೂ ಒಂದೇ ಕಡೆ ತಂದಿತು.

ನಾರ್ವೇಜಿಯನ್ ಬಾರದು, ಯಂತ್ರಾನುವಾದದಲ್ಲಿ ಓದುತ್ತೇನೆ. ಎಲ್ಲಿ ಎಡವಬಹುದು?

"ಸ್ಕಲ್ ಹಾ" ಎಂಬ ಎರಡು ಪದಗಳಲ್ಲಿ. ನಾರ್ವೇಜಿಯನ್ನಿನಲ್ಲಿ "ಸ್ಕಲ್" ಎಂದರೆ ಮಾಡಬೇಕು, ಮಾಡುವವನಿದ್ದಾನೆ ಎಂಬ ಅರ್ಥಗಳಿವೆ. ಆದರೆ ಅಪರಾಧ ವರದಿಯಲ್ಲಿ "ಸ್ಕಲ್ ಹಾ ಹೊಡೆದ" ಎಂಬ ರೀತಿಯ ವಾಕ್ಯ ಬಂದರೆ ಅದು ನಮ್ಮ ಪತ್ರಿಕೆಗಳ "ಹೊಡೆದಿದ್ದಾನೆ ಎನ್ನಲಾಗಿದೆ" ಎಂಬುದಕ್ಕೆ ಸರಿಯಾದ ಜೋಡಿ. ಯಂತ್ರ ಕೆಲವೊಮ್ಮೆ ಈ "ಎನ್ನಲಾಗಿದೆ"ಯನ್ನು ನುಂಗಿಹಾಕಿ, ಹೊಡೆದೇಬಿಟ್ಟ ಎಂದು ಮುಂದಿಡುತ್ತದೆ. ಆರೋಪ ಹೊತ್ತವನ ಸ್ಥಿತಿಯನ್ನು ಹೇಳುವ ಪದಗಳೂ ಹೀಗೆಯೇ: "ಮಿಸ್‌ತೆಂಕ್ತ್" ಎಂದರೆ ಶಂಕಿತ, "ಸಿಕ್ತೆತ್" ಎಂದರೆ ಪೊಲೀಸರು ವಿಧ್ಯುಕ್ತವಾಗಿ ಆರೋಪಿ ಎಂದು ದಾಖಲಿಸಿದವನು, "ತಿಲ್ತಾಲ್ತ್" ಎಂದರೆ ದೋಷಾರೋಪ ಹೊರಿಸಲ್ಪಟ್ಟು ನ್ಯಾಯಾಲಯಕ್ಕೆ ಹೋಗುವವನು, "ಡೊಮ್ತ್" ಎಂದರೆ ಶಿಕ್ಷೆಯಾದವನು. ನಾಲ್ಕನ್ನೂ ಕನ್ನಡದ ಒಂದೇ "ಆರೋಪಿ" ಪದಕ್ಕೆ ಇಳಿಸಿದ ಅನುವಾದ ಹಂಚಿಕೊಳ್ಳುವುದೆಂದರೆ, ಮೂಲ ಪತ್ರಿಕೆ ಪಾಲಿಸಿದ 4.5ನ್ನು ಅನುವಾದದಲ್ಲಿ ನಾವೇ ಮುರಿದಂತೆ. ಇನ್ನೊಂದು ಮಾತು: ಬೂಕ್‌ಮೋಲ್ ಮತ್ತು ನ್ಯೂನೊಶ್ಕ್ ಎಂಬ ಎರಡು ಬರಹರೂಪಗಳು ಅಧಿಕೃತವಾಗಿವೆ. ದಾಗ್ ಓ ತೀದ್ ಎಂಬ ವಾರಪತ್ರಿಕೆ ಪೂರ್ತಿ ನ್ಯೂನೊಶ್ಕ್‌ನಲ್ಲೇ ಬರುತ್ತದೆ. ಕಾಗುಣಿತ ಬೇರೆಯಾಗಿದೆ ಎಂದು ಅದನ್ನು ಯಾವುದೋ ಅಂಚಿನ ತಾಣ ಎಂದುಕೊಳ್ಳಬಾರದು.

ನನ್ನ ಬಗ್ಗೆಯೇ ತಪ್ಪು ಸುದ್ದಿ ಬಂದರೆ ಏನು ಮಾಡಬೇಕು?

ಮೊದಲು ಪುಟವನ್ನು ದಿನಾಂಕ ಮತ್ತು ಸಮಯ ಕಾಣುವಂತೆ ಉಳಿಸಿಕೊಳ್ಳಿ; ಅಂತರ್ಜಾಲದ ಸುದ್ದಿ ಮಧ್ಯಾಹ್ನ ಒಂದು ಬಗೆ, ಸಂಜೆಗೆ ಇನ್ನೊಂದು ಬಗೆ. ಬಳಿಕ ಸಂಪಾದಕರಿಗೆ ಬರೆಯಿರಿ. ಯಾವ ವಾಕ್ಯ ತಪ್ಪು, ಸರಿಯಾದದ್ದು ಏನು, ಸುದ್ದಿಗೆ ಮುಂಚೆ ನಿಮ್ಮನ್ನು ಯಾರಾದರೂ ಸಂಪರ್ಕಿಸಿದ್ದರೇ ಎಂಬ ಮೂರನ್ನಷ್ಟೇ ಬರೆದರೆ ಸಾಕು, ಸಿಟ್ಟನ್ನು ಬೇರೆ ಕಾಗದದಲ್ಲಿ ಬರೆದುಕೊಳ್ಳಿ. ಬಹಳಷ್ಟು ಪ್ರಕರಣಗಳು ಒಂದು ತಿದ್ದುಪಡಿಯಲ್ಲಿ ಇಲ್ಲವೇ 4.15ರಡಿಯ ಉತ್ತರ ಬರಹದಲ್ಲಿ ಮುಗಿಯುತ್ತವೆ.

ಮುಗಿಯದಿದ್ದರೆ ಪ್ರಕಟಣೆಯ ನಂತರದ ನಿಗದಿತ ಗಡುವಿನೊಳಗೆ ಪಿಎಫ್‌ಯುಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ. ಬೇರೆಯವರ ಪರವಾಗಿ ಕೊಡುವುದಾದರೆ ಸುದ್ದಿಗೆ ಗುರಿಯಾದವರ ಒಪ್ಪಿಗೆ ಇರಬೇಕು. ವಿಷಯ ನ್ಯಾಯಾಲಯದ ಮುಂದಿದ್ದರೆ ಸಮಿತಿ ಸಾಮಾನ್ಯವಾಗಿ ಕೈಹಾಕುವುದಿಲ್ಲ. ದೂರು ಒಂದು ಪರ್ಯಾಯ ತಾಣದ ಮೇಲಾಗಿದ್ದರೆ, ಆ ತಾಣ ವ್ಯಾರ್ ವರ್ಸೊಮ್ ಪ್ಲಕಾಟೆನ್ ಅನ್ನು ಪಾಲಿಸುವುದಾಗಿ ಹೇಳಿಕೊಂಡಿದೆಯೇ ಎಂದು ಅದರ ಪುಟದ ಅಡಿಯಲ್ಲಿ, ಸಂಪಾದಕರ ಹೆಸರಿನ ಬಳಿ ನೋಡಿ. ಹೇಳಿಕೊಂಡಿದ್ದರೆ ಆ ಸಾಲನ್ನೂ ಉಳಿಸಿಕೊಂಡು, ದೂರಿನ ಮೊದಲ ಪುಟಕ್ಕೇ ಲಗತ್ತಿಸಿ.